ನಾಮದ ಕೋಳಿಯೂ ಒತ್ತುವರಿಯೂ

ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ನನಗೊಂದು ಅನುವಾದದ ಕೆಲಸ ಬಂತು. ಸಂಭಾವನೆ ಒಂದು ಊಟ. ಪುಣೆಯ ಅಂಚಿನ ಕೆರೆಯೊಂದರಲ್ಲಿ ಮಾದರಿ ದೋಣಿಗಳ ಪಂದ್ಯ ನಡೆಸುವ ಹವ್ಯಾಸಿಗಳ ಸಣ್ಣ ಗುಂಪು ತನ್ನ ಇಂಗ್ಲಿಷ್ ನಿಯಮಾವಳಿಯನ್ನು ಮರಾಠಿಗೂ ಕನ್ನಡಕ್ಕೂ ತರಿಸಬೇಕೆಂದಿತ್ತು. ಆ ಸಲ ಬೆಳಗಾವಿ, ಧಾರವಾಡ, ಸೊಲ್ಲಾಪುರದ ಕಡೆಯ ಶಾಲಾ ಮಕ್ಕಳ ತಂಡಗಳು ಬರುವವಿದ್ದವು. ಮರಾಠಿಗೆ ಬೇರೆಯವರು ಸಿಕ್ಕಿದ್ದರು, ಕನ್ನಡಕ್ಕೆ ನಾನು. ಆರು ಪುಟ, ಒಂದು ಸಂಜೆಯ ಕೆಲಸ ಅಂದುಕೊಂಡು ಕೂತೆ.

ಹನ್ನೊಂದನೆಯ ನಿಯಮದ ತನಕ ಎಲ್ಲ ಸಲೀಸಾಗಿ ಬಂತು. ಅದರ ಮೊದಲ ವಾಕ್ಯದ ಸಾರ ಇಷ್ಟು: ಪ್ರತಿ ಸುತ್ತಿಗೆ ಮುಂಚೆ ಪಥವನ್ನು ಅಡೆತಡೆಗಳಿಂದ ಕ್ಲಿಯರ್ ಮಾಡಲಾಗುವುದು, ಅಡೆತಡೆ ಅಂದರೆ ಕಳೆ, ತೇಲುವ ಕಸ ಮತ್ತು ನೀರುಹಕ್ಕಿ. ಎರಡನೆಯ ವಾಕ್ಯ: ಒಮ್ಮೆ ಹೀಗೆ ಮಾಡಿದ ಮೇಲೆ ಹಕ್ಕಿಯ ಕಾರಣಕ್ಕೆ ಮರುಸ್ಪರ್ಧೆಯಾಗಲಿ, ಸಮಯದ ರಿಯಾಯಿತಿಯಾಗಲಿ ಇಲ್ಲ.

ನನ್ನ ಕೈ ತಾನಾಗಿ ‘ಪಥವನ್ನು ತೆರವುಗೊಳಿಸಲಾಗುವುದು’ ಎಂದು ಬರೆಯಿತು. ಬರೆದ ಮೇಲೆ ಆ ‘ತೆರವು’ ನನ್ನನ್ನು ಕಾಡತೊಡಗಿತು. ಕನ್ನಡ ಪತ್ರಿಕೆಗಳಲ್ಲಿ ಈ ಪದ ಒಬ್ಬಂಟಿಯಾಗಿ ಬರುವುದು ಕಡಿಮೆ. ಅದರ ಮುಂದೆ ಸಾಮಾನ್ಯವಾಗಿ ‘ಒತ್ತುವರಿ’ ಇರುತ್ತದೆ. ರಾಜಕಾಲುವೆ ಒತ್ತುವರಿ ತೆರವು, ಫುಟ್‌ಪಾತ್ ಒತ್ತುವರಿ ತೆರವು, ಕೆರೆಯಂಗಳದ ಒತ್ತುವರಿ ತೆರವು. ತೆರವು ಎಂದಕೂಡಲೇ ಅಲ್ಲಿ ಯಾರೋ ಇರಬಾರದವರು ಇದ್ದಾರೆ ಎಂಬ ಅರ್ಥ ಹಿಂಬಾಗಿಲಿನಿಂದ ಒಳಬರುತ್ತದೆ. ಈ ಕೆರೆಯಲ್ಲಿ ಒತ್ತುವರಿದಾರರು ಯಾರು? ವರ್ಷಕ್ಕೊಂದು ದಿನ ಬ್ಯಾಟರಿ ಪೆಟ್ಟಿಗೆ ಹೊತ್ತು ಬರುವ ನಾವೋ, ಅಲ್ಲೇ ಹುಟ್ಟಿ ಅಲ್ಲೇ ಮರಿ ಮಾಡುವ ನಾಮದ ಕೋಳಿಯೋ?

ಸರ್ಕಾರಿ ಕನ್ನಡ ಬಿಟ್ಟು ಮನೆಮಾತಿಗೆ ಬಂದರೆ ಇನ್ನೂ ಫಜೀತಿ. ಹಕ್ಕಿ ಓಡಿಸು, ಎಬ್ಬಿಸು, ಹಾರಿಸು, ಬೆದರಿಸು, ಅಟ್ಟು. ಯಾವುದನ್ನು ಆರಿಸಿದರೂ ಕ್ರಿಯೆ ಬೀಳುವುದು ಹಕ್ಕಿಯ ಮೇಲೆಯೇ. ಇಂಗ್ಲಿಷ್ ವಾಕ್ಯದಲ್ಲಿ ಕ್ಲಿಯರ್ ಆಗುವುದು ಪಥ. ಹಕ್ಕಿ ಬಾಲದಲ್ಲೆಲ್ಲೋ ಕಳೆ ಮತ್ತು ಕಸದ ಪಕ್ಕ ತೂಗಾಡುತ್ತಿರುತ್ತದೆ. ಕನ್ನಡದ ‘-ಇಸು’ ಹಾಗೆ ಬಚ್ಚಿಡಲು ಬಿಡುವುದಿಲ್ಲ. ಓಡುವುದು ಹಕ್ಕಿ, ಓಡುವ ಹಾಗೆ ಮಾಡುವವರು ನಾವು, ಎರಡೂ ಒಂದೇ ಪದದೊಳಗಿವೆ. ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದುವಾಗ ಪ್ರೇರಣಾರ್ಥಕದ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಮಾಡಿದ್ದೆ. ಅದು ಒಂದು ದಿನ ಆತ್ಮಸಾಕ್ಷಿಗೆ ಚುಚ್ಚುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಆದರೂ ‘ತೆರವುಗೊಳಿಸಲಾಗುವುದು’ ಎಂದೇ ಕಳಿಸಿದೆ. ಮೂಲದಲ್ಲಿ ಇದ್ದದ್ದನ್ನು ತರುವುದು ನನ್ನ ಕೆಲಸ, ನಿಯಮ ಮಾಡುವುದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅನುವಾದಕರಿಗೆ ಈ ಸಮಾಧಾನ ಬಹಳ ಅಗ್ಗಕ್ಕೆ ಸಿಗುತ್ತದೆ.

ಪುಣೆ ಹುಟ್ಟುಗಳ ಊರು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ, ಅಂದರೆ ಎಲ್ಲರೂ ಸಿಒಇಪಿ ಎನ್ನುವ ಕಾಲೇಜಿನ ಬೋಟ್ ಕ್ಲಬ್ಬು ಮುಳಾ ನದಿಯಲ್ಲಿ 1920ರ ದಶಕದಿಂದ ರೆಗಾಟಾ ನಡೆಸಿಕೊಂಡು ಬಂದಿದೆ. ದಾಪೋಡಿಯ ಮಿಲಿಟರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೇನೆಯ ರೋಯಿಂಗ್ ಕೇಂದ್ರವಿದೆ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ದತ್ತು ಭೋಕನಾಳ ಪಳಗಿದ್ದು ಅಲ್ಲೇ. ಮಾದರಿ ದೋಣಿಯ ಹುಚ್ಚು ಇದರ ಚಿಕ್ಕ ತಮ್ಮ. ಕೆಲವರಿಗೆ ಅದು ಎನ್‌ಸಿಸಿ ನೌಕಾ ವಿಭಾಗದಿಂದ ಹತ್ತುತ್ತದೆ, ಅಲ್ಲಿ ಹಡಗಿನ ಮಾದರಿ ಕಟ್ಟುವುದು ತರಬೇತಿಯ ಭಾಗ. ಕೆಲವರಿಗೆ ಕಾಲೇಜಿನ ತಾಂತ್ರಿಕ ಉತ್ಸವಗಳಿಂದ. ನಮ್ಮ ಗುಂಪಿನಲ್ಲಿ ನಿವೃತ್ತ ಇಂಜಿನಿಯರುಗಳಿದ್ದಾರೆ, ಹಿಂಜವಾಡಿಯಲ್ಲಿ ಕೋಡ್ ಬರೆಯುವವರಿದ್ದಾರೆ, ಒಬ್ಬರು ಹಲ್ಲಿನ ಡಾಕ್ಟರು. ಭಾನುವಾರ ಬೆಳಿಗ್ಗೆ ಮಾಲಿಗೆ ಹೋಗದೆ ಕೆರೆಗೆ ಹೋಗುವ ಜನ. ಅವರ ಮೇಲೆ ನನಗೆ ಪ್ರೀತಿ ಇದೆ, ಮುಂದೆ ಬರೆಯುವುದನ್ನು ಅದನ್ನು ಇಟ್ಟುಕೊಂಡೇ ಓದಬೇಕು.

ಪಂದ್ಯ ಸೆಪ್ಟೆಂಬರ್ ಕೊನೆಯ ಭಾನುವಾರ. ಮಳೆ ಮುಗಿಯುತ್ತ ಬಂದು ಕೆರೆ ದಂಡೆಗೆ ಮುಟ್ಟಿತ್ತು. ಹನ್ನೊಂದನೆಯ ನಿಯಮವನ್ನು ಜಾರಿ ಮಾಡುವ ಕೆಲಸ ನನಗೇ ಬಿತ್ತು. ಹುಟ್ಟು ಹಾಕಲು ಬರುವವರು ಇನ್ನಿಬ್ಬರೇ ಇದ್ದರು, ಇಬ್ಬರೂ ಸ್ಪರ್ಧಿಗಳು. ಅನುವಾದಿಸಿದವರೇ ಅಟ್ಟಲಿ ಎಂದು ಯಾರೋ ನಕ್ಕರು. ಗಾಳಿ ತುಂಬಿದ ರಬ್ಬರ್ ದೋಣಿ, ಕೈಯಲ್ಲಿ ಒಂದು ಸ್ಟೀಲ್ ತಟ್ಟೆ ಮತ್ತು ಸೌಟು.

ನೀರಿನಲ್ಲಿ ಮೂವತ್ತರಷ್ಟು ನಾಮದ ಕೋಳಿ ಇದ್ದವು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬೆಳ್ಳಗೆ ಒಂದು ಹಚ್ಚೆ. ಮರಾಠಿಯಲ್ಲಿ ಇದಕ್ಕೆ ‘ವಾರಕರಿ’ ಎನ್ನುತ್ತಾರೆ, ಪಂಢರಪುರಕ್ಕೆ ನಡೆದು ಹೋಗುವವರ ಹಣೆಯ ಗೋಪೀಚಂದನ ನೆನಪಾಗಿ. ಇಂಗ್ಲಿಷರಿಗೆ ಅದೇ ಹಣೆಯಲ್ಲಿ ಬೋಳುತಲೆ ಕಂಡಿತು, ಗಾದೆಯನ್ನೇ ಮಾಡಿಕೊಂಡರು. ಕನ್ನಡದವರಿಗೂ ಮರಾಠಿಯವರಿಗೂ ಒಂದೇ ಕಡೆ ಭಕ್ತ ಕಂಡಿದ್ದಾನೆ. ವಿಠ್ಠಲನ ವಿಷಯದಲ್ಲಿ ಎರಡು ಭಾಷೆಗಳಿಗಿರುವ ಪಾಲುದಾರಿಕೆ ಹಕ್ಕಿಯ ತನಕ ಇಳಿದಿದೆ ಅನ್ನಿ. ಚುಕ್ಕೆಕೊಕ್ಕಿನ ಬಾತು ಒಂದು ಜೋಡಿ. ಅದರ ಕೊಕ್ಕಿನ ಬುಡದಲ್ಲಿ ಕೆಂಪು, ತುದಿಯಲ್ಲಿ ಹಳದಿ, ಹಾಗಾಗಿ ಮರಾಠಿಯಲ್ಲಿ ಅದು ಹಳದಿ-ಕುಂಕುಮದ ಬಾತು. ಸತ್ತ ಮರದ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆಗಳು. ಜೊಂಡಿನ ಅಂಚಿನಲ್ಲಿ ಗುಳುಮುಳುಕಗಳು, ಮುಷ್ಟಿಯಷ್ಟು ದೊಡ್ಡವು, ಎಷ್ಟಿವೆ ಎಂದು ಎಣಿಸಲಿಕ್ಕಾಗುವುದಿಲ್ಲ. ಎಣಿಸುವಾಗ ಅರ್ಧ ನೀರಿನೊಳಗಿರುತ್ತವೆ.

ತಟ್ಟೆ ಬಡಿಯುತ್ತ ಹೋದೆ. ಬಾತುಗಳು ಎದ್ದು ಎರಡು ಸುತ್ತು ಹಾಕಿ ಎಲ್ಲಿಗೋ ಹೋದವು. ನಾಮದ ಕೋಳಿಗೆ ಅಷ್ಟು ಸುಲಭದಲ್ಲಿ ಹಾರಲು ಬರುವುದಿಲ್ಲ; ರೆಕ್ಕೆ ಬಡಿಯುತ್ತ ನೀರಿನ ಮೇಲೆ ಪಟಪಟನೆ ಓಡಿ ವೇಗ ಪಡೆಯಬೇಕು. ಹಾಗೆ ಓಡಿದವು, ಐವತ್ತು ಅರವತ್ತು ಮೀಟರ್ ಆಚೆ ಕೂತವು, ನಾನು ಬೆನ್ನು ತಿರುಗಿಸಿದೊಡನೆ ಮೇವಿದ್ದ ಜಾಗಕ್ಕೇ ಈಜಿ ಬರತೊಡಗಿದವು. ನೀರುಕಾಗೆಗಳು ನನ್ನನ್ನು ಗಮನಿಸಲೇ ಇಲ್ಲ. ಗುಳುಮುಳುಕಗಳು ಹೆಸರಿಗೆ ತಕ್ಕಂತೆ ಮುಳುಗಿದವು. ಹಕ್ಕಿ ಅಟ್ಟುವ ನಿಯಮ ಬರೆದವರು ಗುಳುಮುಳುಕವನ್ನು ನೋಡಿಲ್ಲ ಎಂದು ನನಗೆ ಖಾತ್ರಿಯಾದದ್ದು ಆಗ. ಅಪಾಯ ಬಂದರೆ ಅದು ಹಾರುವುದಿಲ್ಲ, ಮುಳುಗುತ್ತದೆ, ಮುಳುಗಿದ್ದು ಎಲ್ಲಿ ಏಳುತ್ತದೆ ಎಂದು ಅದಕ್ಕೆ ಮಾತ್ರ ಗೊತ್ತು. ಬಹಳ ಸಲ ಅದು ಏಳುವುದು ಪಥದ ನಡುವೆ.

ಜೊಂಡಿನ ಒಂದು ಮೂಲೆ ಸುತ್ತಿ ಬರುವಾಗ ನನ್ನ ದೋಣಿಯ ಮೂತಿಯ ಪಕ್ಕದಿಂದಲೇ ಒಂದು ಗುಳುಮುಳುಕ ನೀರಿಗೆ ಬಿತ್ತು. ಅದು ಕೂತಿದ್ದ ಕಡೆ ಕೊಳೆತ ಸೊಪ್ಪಿನ ಚಿಕ್ಕ ಗುಡ್ಡೆ, ಮೇಲೆ ನಾಲ್ಕು ಮೊಟ್ಟೆ, ಬಿಳಿ ಬಣ್ಣ ಕಂದಿಗೆ ತಿರುಗಿದ್ದವು. ಈ ಹಕ್ಕಿ ಗೂಡು ಬಿಟ್ಟು ಹೋಗುವಾಗ ಸೊಪ್ಪೆಳೆದು ಮೊಟ್ಟೆ ಮುಚ್ಚಿ ಹೋಗುತ್ತದೆ. ಮುಚ್ಚಲು ಕೆಲವು ಕ್ಷಣ ಬೇಕು. ನಾನು ಆ ಕ್ಷಣಗಳನ್ನು ಕೊಟ್ಟಿರಲಿಲ್ಲ. ಹಿಂದೆ ಸರಿದು, ತಟ್ಟೆಯನ್ನು ಕಾಲಡಿಗೆ ಹಾಕಿ, ದೂರದಿಂದ ನೋಡುತ್ತ ಕೂತೆ. ತಾಯಿಯೋ ತಂದೆಯೋ, ಹಕ್ಕಿ ಇಪ್ಪತ್ತು ಮೀಟರ್ ಆಚೆ ಎದ್ದು ಮತ್ತೆ ಮುಳುಗಿತು. ದಡದ ಜಾಲಿ ಮರದಲ್ಲಿ ಕಾಗೆಗಳಿದ್ದವು. ಅಷ್ಟರಲ್ಲಿ ಶಿಳ್ಳೆ ಊದಿದರು, ಸುತ್ತು ಶುರು, ನಾನು ನೀರಿನಿಂದ ಹೊರಗೆ ಬರಲೇಬೇಕಿತ್ತು. ಮಧ್ಯಾಹ್ನ ಹೋಗಿ ನೋಡಿದಾಗ ಮೂರು ಮೊಟ್ಟೆಗಳಿದ್ದವು. ಮುಚ್ಚಿರಲಿಲ್ಲ.

ಅಂದೇ ಇನ್ನೊಂದು ನಡೆಯಿತು. ಮಕ್ಕಳ ವಿಭಾಗದ ಎರಡನೆಯ ಸುತ್ತಿನಲ್ಲಿ ಧಾರವಾಡ ಕಡೆಯ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ದೋಣಿ ಎರಡನೇ ಸ್ಥಾನದಲ್ಲಿತ್ತು. ನೇರ ಓಟದಲ್ಲಿ, ಬುರುಡೆಗಿಂತ ಸ್ವಲ್ಪ ಮುಂಚೆ, ಗುಳುಮುಳುಕ ಎದ್ದಿತು. ಅವಳು ಗುಂಡಿ ಬಿಟ್ಟುಬಿಟ್ಟಳು. ದೋಣಿ ಮೂತಿ ಇಳಿಸಿ ನಿಂತಿತು. ಹಿಂದಿನ ಎರಡು ದೋಣಿಗಳು ಅದನ್ನು ದಾಟಿದವು. ಒಂದು ಹಕ್ಕಿಯ ತೀರಾ ಪಕ್ಕದಲ್ಲೇ ಹೋಯಿತು, ಅದರ ಹುಡುಗ ನೋಡಿದನೋ ಇಲ್ಲವೋ ನನಗೆ ತಿಳಿಯದು. ಮೊದಲ ಮೂವರಿಗೆ ಫೈನಲ್. ಇವಳು ನಾಲ್ಕನೆಯವಳು. ಅವಳ ಮೇಷ್ಟ್ರು ಹೋಗಿ ಕೇಳಿದರು. ಕನ್ನಡ ಓದಲು ಬರದ ಮುಖ್ಯ ತೀರ್ಪುಗಾರರು ನನ್ನನ್ನು ಕರೆದು, ಹನ್ನೊಂದನೆಯ ನಿಯಮ ತೋರಿಸಿ, ಇದನ್ನು ಅವರಿಗೆ ಓದಿ ಹೇಳಿ ಅಂದರು. ಓದಿದೆ. ಪಥವನ್ನು ತೆರವುಗೊಳಿಸಲಾಗಿತ್ತು, ಆದ್ದರಿಂದ ರಿಯಾಯಿತಿ ಇಲ್ಲ. ಹುಡುಗಿ ಏನೂ ಹೇಳಲಿಲ್ಲ, ಬ್ಯಾಟರಿ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು.

ನನ್ನ ವಾದ ಹುಟ್ಟಿದ್ದು ಇಲ್ಲಿ. ನಮ್ಮ ನಿಯಮ ಹಕ್ಕಿಯನ್ನು ಉಳಿಸುವುದಿಲ್ಲ ಎನ್ನುವುದು ಅರ್ಧ ಮಾತ್ರ. ಹಕ್ಕಿಯನ್ನು ಉಳಿಸಿದವರನ್ನು ಅದು ದಂಡಿಸುತ್ತದೆ, ಉಳಿಸದವರಿಗೆ ಪದಕ ಕೊಡುತ್ತದೆ. ಹದಿನಾಲ್ಕು ವರ್ಷದ ಮಕ್ಕಳು ಇದನ್ನು ಒಂದೇ ಸುತ್ತಿನಲ್ಲಿ ಕಲಿಯುತ್ತಾರೆ.

ಅಪಾಯ ಎಷ್ಟು ನಿಜ ಎಂದು ಕೇಳುವವರಿಗೆ: ಮಾದರಿ ದೋಣಿ ಅಂದರೆ ಪ್ಲಾಸ್ಟಿಕ್ ಆಟಿಕೆ ಕಣ್ಣಿಗೆ ಬರುವುದಾದರೆ ಅದನ್ನು ಬದಿಗಿಡಿ. ಬ್ರಷ್‌ಲೆಸ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿ ಇರುವ ಮೊಳಕ್ಕಿಂತ ಸ್ವಲ್ಪ ಉದ್ದದ ದೋಣಿ ಗಂಟೆಗೆ 60 ಕಿಲೋಮೀಟರ್ ವೇಗವನ್ನು ಆರಾಮವಾಗಿ ದಾಟುತ್ತದೆ. ಹಿಂದೆ ಲೋಹದ ಪ್ರೊಪೆಲ್ಲರ್, ಚಾಕುವಿನ ಹಾಗೆ ಹರಿತ. ಹೊಸಬರ ಬೆರಳು ಕುಯ್ಯುವುದು ನಮ್ಮಲ್ಲಿ ಮಾಮೂಲು. ಹಾಯಿಯ ಮಾದರಿ ದೋಣಿಗಳ ಕಥೆ ಬೇರೆ. ಒಂದು ಮೀಟರ್ ಉದ್ದದ ‘ಒನ್ ಮೀಟರ್’ ವರ್ಗದ ದೋಣಿ ಕನಿಷ್ಠ ನಾಲ್ಕು ಕಿಲೋ ತೂಗಬೇಕು, ಗಾಳಿಯ ಮೇಲೇ ಹೋಗಬೇಕು, ಸದ್ದಿಲ್ಲ. ನಾಮದ ಕೋಳಿಗಳು ಅದರ ಪಕ್ಕದಲ್ಲೇ ಮೇಯುವುದನ್ನು ನೋಡಿದ್ದೇನೆ. ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್‌ನ ರೌಂಡ್ ಪಾಂಡ್‌ನಲ್ಲಿ ಹಂಸಗಳೂ ಹಾಯಿ ದೋಣಿಗಳೂ ಹತ್ತೊಂಬತ್ತನೆಯ ಶತಮಾನದಿಂದ ಒಂದೇ ನೀರು ಹಂಚಿಕೊಂಡಿವೆ. ಹಾಗಾಗಿ ಎರಡಕ್ಕೂ ಒಂದೇ ನಿಯಮ ಬೇಕಿಲ್ಲ. ನನ್ನ ತಕರಾರು ಮುಖ್ಯವಾಗಿ ಮೋಟಾರಿನ ಜೊತೆಗೆ, ಮತ್ತು ತಟ್ಟೆ-ಸೌಟಿನ ಜೊತೆಗೆ.

ತಟ್ಟೆ-ಸೌಟಿನ ಬಗ್ಗೆ ಕಾನೂನು ಏನನ್ನುತ್ತದೆ ಎಂದು ಮನೆಗೆ ಬಂದು ತೆಗೆದು ನೋಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಎರಡನೆಯ ಸೆಕ್ಷನ್ನಿನಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆ ಇದೆ. ಕೊಲ್ಲುವುದು, ವಿಷ ಹಾಕುವುದು ಸರಿ, ಅದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಹಿಡಿಯುವುದು, ಬೆನ್ನಟ್ಟುವುದು, ಉರುಲು, ಬೋನು, ಆಮಿಷ, ಮತ್ತು ‘ಡ್ರೈವಿಂಗ್’. ಅಂದರೆ ಅಟ್ಟುವುದು. ಇವುಗಳ ಪ್ರಯತ್ನವೂ ಬೇಟೆಯೇ. ಹಕ್ಕಿಗಳ ವಿಷಯದಲ್ಲಿ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಮೊಟ್ಟೆ ಅಥವಾ ಗೂಡನ್ನು ಕಲಕುವುದೂ ಅದೇ ವ್ಯಾಖ್ಯೆಯೊಳಗೆ ಬರುತ್ತದೆ.

ಅಟ್ಟುವುದು ಬೇಟೆಯ ಪಟ್ಟಿಗೆ ಯಾಕೆ ಬಂತು ಅನ್ನಲು ಭರತಪುರವನ್ನು ನೆನೆದರೆ ಸಾಕು. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋನ ತಂಡ ಅಲ್ಲಿ ಒಂದೇ ದಿನ 4,273 ಹಕ್ಕಿ ಹೊಡೆಯಿತು. ಈ ಸಂಖ್ಯೆಯನ್ನು ಅಲ್ಲಿ ಕಲ್ಲಿನ ಮೇಲೆ ಕೆತ್ತಿ ನಿಲ್ಲಿಸಿದ್ದಾರೆ. ಕೂತ ಬಾತನ್ನು ಹೊಡೆದು ಯಾರೂ ಆ ಲೆಕ್ಕ ಮುಟ್ಟಲಾರರು. ಹಕ್ಕಿ ಗಾಳಿಯಲ್ಲಿರಬೇಕು, ಇಳಿದರೆ ಮತ್ತೆ ಎಬ್ಬಿಸಬೇಕು. ಬಂದೂಕಿನವರ ಹೆಸರು ಕಲ್ಲಿನ ಮೇಲಿದೆ, ಎಬ್ಬಿಸಿದವರ ಹೆಸರಿಲ್ಲ. ನಾನು ವಕೀಲಿ ಓದಿದವರ ಪೈಕಿ ಅಲ್ಲ, ಪಂದ್ಯಕ್ಕೆಂದು ನಾಮದ ಕೋಳಿಗೆ ತಟ್ಟೆ ಬಡಿದವರನ್ನು ಬೇಟೆಗಾರರೆಂದು ಜೈಲಿಗೆ ಹಾಕಿ ಎನ್ನುತ್ತಲೂ ಇಲ್ಲ. ಆದರೆ ಗೂಡಿನ ಪಕ್ಕ ನಾನು ಮಾಡಿದ್ದಕ್ಕೆ ಆ ಕಾಯಿದೆಯಲ್ಲಿ ಒಂದು ಹೆಸರಿದೆ. ನಮ್ಮ ನಿಯಮಾವಳಿಯಲ್ಲಿ ಅದಕ್ಕಿದ್ದ ಹೆಸರು ಸಿದ್ಧತೆ.

ನಮ್ಮ ಕಡೆ ಜೋಳದ ಹೊಲದಲ್ಲಿ ಅಟ್ಟಣಿಗೆ ಹಾಕಿ ಕವಣೆ ಬೀಸುವವರನ್ನು ನೋಡುತ್ತ ಬೆಳೆದವರಿಗೆ ಹಕ್ಕಿ ಓಡಿಸುವುದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ. ರೈತನಿಗೆ ಅದು ಊಟದ ಪ್ರಶ್ನೆ, ಹೊಲ ಬಿತ್ತಿದವನು ಅವನು. ಕೆರೆಯಲ್ಲಿ ನಾವು ಬಿತ್ತಿದ್ದು ಆರು ಕಿತ್ತಳೆ ಬಣ್ಣದ ಬುರುಡೆಗಳನ್ನು.

ಗುಂಪಿನವರ ಜೊತೆ ಆಮೇಲೆ ಬಹಳ ಮಾತಾಯಿತು, ವಾಟ್ಸ್ಯಾಪಿನಲ್ಲಿ, ಚಹಾದಂಗಡಿಯಲ್ಲಿ. ಎಲ್ಲರಿಗಿಂತ ಮೊದಲು ಬರುವ ಮಾತು: ಹಕ್ಕಿಗಳಿಗೆ ಅಭ್ಯಾಸವಾಗುತ್ತದೆ. ರಂಗನತಿಟ್ಟು ನೋಡಿ, ದೋಣಿ ಪಕ್ಕದಲ್ಲೇ ಹೋದರೂ ಬಣ್ಣದ ಕೊಕ್ಕರೆ ಕತ್ತು ತಿರುಗಿಸುವುದಿಲ್ಲ. ನಿಜ. ಆದರೆ ರಂಗನತಿಟ್ಟಿನಲ್ಲಿ ದೋಣಿ ಹೋಗುವುದು ಹೇಗೆ? ಹುಟ್ಟು ಹಾಕಿಕೊಂಡು, ನಿಧಾನವಾಗಿ, ಅದೇ ದಾರಿಯಲ್ಲಿ, ದಿನವೂ. ಅಭ್ಯಾಸ ಬೇರೂರುವುದು ಮುಂದೇನಾಗುತ್ತದೆ ಎಂದು ಹಕ್ಕಿಗೆ ಗೊತ್ತಿದ್ದಾಗ. ನಮ್ಮ ಪಂದ್ಯ ವರ್ಷಕ್ಕೊಮ್ಮೆ, ಗಕ್ಕನೆ ತಿರುಗುವ ಎಂಟು ದೋಣಿಗಳು, ಬೆಳಿಗ್ಗೆಯಿಂದ ಸಂಜೆಯವರೆಗೆ. ಅಭ್ಯಾಸವಾಗುವಷ್ಟರಲ್ಲಿ ನಾವು ಮನೆಗೆ ಹೋಗಿರುತ್ತೇವೆ.

ಎರಡನೆಯ ಮಾತಿಗೆ ಉತ್ತರ ಕೊಡುವುದು ನನಗೆ ಕಷ್ಟ. ಕೆರೆ ಸಾಯುತ್ತಿರುವುದು ನಮ್ಮಿಂದಲೇ? ಪಾಷಾಣ ಕೆರೆಗೆ ರಾಮನದಿ ತರುವುದು ಏನನ್ನು ಎಂದು ಮೂಗಿರುವ ಯಾರಿಗೂ ಗೊತ್ತು. ಅದರ ಮೇಲೆ ಹಬ್ಬುವ ಅಂತರಗಂಗೆಯನ್ನು ವರ್ಷವರ್ಷ ತೆಗೆಯುತ್ತಾರೆ, ವರ್ಷವರ್ಷ ಬರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಗುಳಿದ್ದನ್ನೂ ಹೊತ್ತಿ ಉರಿದದ್ದನ್ನೂ ದೇಶವೇ ನೋಡಿದೆ. ಯೆರವಡಾದಲ್ಲಿ ಮುಳಾ-ಮುಠಾ ದಂಡೆಯ ಸಲೀಂ ಅಲಿ ಹಕ್ಕಿಧಾಮ ನಾನು ಓದಿದ ಕಾಲೇಜಿಗೆ ಹತ್ತಿರ, ಅಲ್ಲಿ ದಂಡೆಗೆ ಸುರಿದ ಕಟ್ಟಡದ ಕಸದ ಮೇಲೆ ನಿಂತೇ ನಾವು ಬಾತು ನೋಡುತ್ತಿದ್ದೆವು. ಇದರ ಮುಂದೆ ಒಂದು ಭಾನುವಾರದ ಎಂಟು ದೋಣಿ ಯಾವ ಲೆಕ್ಕ? ಒಪ್ಪುತ್ತೇನೆ, ಲೆಕ್ಕವೇ ಅಲ್ಲ. ಆದರೆ ಇದೇ ಗುಂಪು ಹೋದ ಬೇಸಿಗೆಯಲ್ಲಿ ಕೆರೆಗೆ ಚರಂಡಿ ನೀರು ಬಿಡುವುದರ ವಿರುದ್ಧ ಪಾಲಿಕೆಗೆ ಅರ್ಜಿ ಹಾಕಿತ್ತು, ಅದರಲ್ಲಿ ನೀರುಹಕ್ಕಿಗಳ ನೆಲೆ ಎಂಬ ಮಾತು ಮೂರು ಕಡೆ ಇತ್ತು. ಅರ್ಜಿಯಲ್ಲಿ ನೆಲೆ, ನಿಯಮಾವಳಿಯಲ್ಲಿ ಅಡೆತಡೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟರೆ ಪಾಲಿಕೆಯ ಗುಮಾಸ್ತನೂ ನಗುತ್ತಾನೆ.

ಬೇರೆ ತಿಂಗಳು ಮಾಡೋಣ ಎಂಬ ಸಲಹೆ ಬಂತು. ಕೂತು ನೋಡಿದರೆ ಖಾಲಿ ತಿಂಗಳೇ ಇಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಚೆನ್ನ, ಆದರೆ ಆಗ ಉತ್ತರದಿಂದ ಬಂದ ಬಾತುಗಳು ಇಲ್ಲಿರುತ್ತವೆ; ಅವು ಮರಳಿ ಹಾರುವುದಕ್ಕೆ ಕೊಬ್ಬು ಕೂಡಿಸಬೇಕು, ಪ್ರತಿ ಸಲ ಎಬ್ಬಿಸಿದಾಗಲೂ ಕೂಡಿಸಿದ್ದರಲ್ಲಿ ಸ್ವಲ್ಪ ಕಳೆಯುತ್ತದೆ. ಜೂನ್-ಜುಲೈಯಿಂದ ಅಕ್ಟೋಬರಿನವರೆಗೆ ಇಲ್ಲಿಯ ಹಕ್ಕಿಗಳ ಗೂಡಿನ ಕಾಲ. ಉಳಿಯುವುದು ಏಪ್ರಿಲ್-ಮೇ, ಆಗ ನೀರು ಇಳಿದಿರುತ್ತದೆ, ಇರುವ ಹಕ್ಕಿಗಳೆಲ್ಲ ಇರುವ ನೀರಿನಲ್ಲೇ. ಇವುಗಳಲ್ಲಿ ಕಡಿಮೆ ಕೆಟ್ಟದ್ದು ಯಾವುದು ಎಂದು ಆರಿಸಬೇಕು ಅಷ್ಟೇ. ನನ್ನ ಮತ ಮಾರ್ಚ್ ಕೊನೆಗೆ: ವಲಸೆಯ ಹಕ್ಕಿ ಬಹುಪಾಲು ಹೊರಟಿರುತ್ತದೆ, ನೀರು ಪೂರ್ತಿ ಇಳಿದಿರುವುದಿಲ್ಲ. ಮಕ್ಕಳ ಪರೀಕ್ಷೆ ಅಡ್ಡ ಬರುತ್ತದೆ ಎಂದು ಕೂಡಲೇ ನೆನಪಿಸಿದರು. ಹೌದು, ಬರುತ್ತದೆ. ಹಾಗಿದ್ದರೆ ಮೋಟಾರಿನ ಸುತ್ತುಗಳನ್ನು ಕಾಲೇಜಿನ ಉತ್ಸವಗಳವರು ಮಾಡುವ ಹಾಗೆ ಈಜುಕೊಳದಲ್ಲಿ ಮಾಡಿ, ಕೆರೆಗೆ ಹಾಯಿ ದೋಣಿ ಮಾತ್ರ ತನ್ನಿ.

ಇಷ್ಟಾದರೂ ಹಕ್ಕಿ ಪಥಕ್ಕೆ ಬಂದೇ ಬರುತ್ತದೆ, ಆಗ ಏನು ಎಂಬುದು ಉಳಿದ ಪ್ರಶ್ನೆ. ಇದಕ್ಕೆ ಉತ್ತರ ದೊಡ್ಡ ದೋಣಿಗಳ ಲೋಕದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಹಾಯಿ ದೋಣಿ ಪಂದ್ಯಗಳ ಅಂತರರಾಷ್ಟ್ರೀಯ ನಿಯಮಗಳಲ್ಲಿ ಮೊಟ್ಟಮೊದಲನೆಯದು ಗೆಲ್ಲುವುದರ ಬಗ್ಗೆ ಇಲ್ಲ. ಅಪಾಯದಲ್ಲಿರುವ ವ್ಯಕ್ತಿಗೆ ಅಥವಾ ದೋಣಿಗೆ ಸಾಧ್ಯವಾದ ಸಹಾಯವನ್ನೆಲ್ಲ ಮಾಡಬೇಕು ಎನ್ನುತ್ತದೆ ಅದು. ಇದರ ಜೋಡಿ ನಿಯಮ ಇನ್ನೂ ದೂರದಲ್ಲಿ ಇದೆ. ಹೀಗೆ ಸಹಾಯ ಮಾಡಲು ಹೋಗಿ ತನ್ನ ತಪ್ಪಿಲ್ಲದೆ ಸ್ಥಾನ ಕಳೆದುಕೊಂಡವರು ಪರಿಹಾರ ಕೇಳಬಹುದು. ಎಷ್ಟೋ ಸಲ ಉಳಿದ ಓಟಗಳ ಸರಾಸರಿ ಅಂಕ ಕೊಡುತ್ತಾರೆ. ಸಮುದ್ರದ ಜನ ಇದನ್ನು ಕಂಡುಕೊಂಡಿದ್ದರು: ಒಳ್ಳೆಯತನವನ್ನು ಕಡ್ಡಾಯ ಮಾಡಿದರೆ ಸಾಲದು, ಅದರ ಖರ್ಚನ್ನು ಒಬ್ಬರ ತಲೆಗೇ ಕಟ್ಟಬಾರದು.

ಅದನ್ನೇ ಹಕ್ಕಿಗೂ ಎಳೆಯಿರಿ ಎಂಬುದು ನನ್ನ ಬೇಡಿಕೆ. ದಡದಲ್ಲಿ ದುರ್ಬೀನು ಮತ್ತು ಕೆಂಪು ಬಾವುಟ ಹಿಡಿದ ಇಬ್ಬರು ಇರಲಿ, ಸ್ಪರ್ಧಿಗಳಲ್ಲದವರು. ನೀರುಹಕ್ಕಿ ಗಾಬರಿಯಾಗುವುದಕ್ಕೆ ಮುಂಚೆ ಹೇಳುತ್ತದೆ: ಮೇಯುವುದು ನಿಲ್ಲುತ್ತದೆ, ಕತ್ತುಗಳು ಎದ್ದು ನಿಲ್ಲುತ್ತವೆ, ಗುಂಪು ಒತ್ತಾಗಿ ಒಂದು ಕಡೆಗೆ ಈಜತೊಡಗುತ್ತದೆ. ಕತ್ತು ಎದ್ದಿತೋ, ಬಾವುಟ ಎದ್ದಿತು, ಎಲ್ಲ ದೋಣಿಗಳ ಮೋಟಾರು ಬಂದ್. ನಿಲ್ಲಿಸದ ದೋಣಿ ಆ ಸುತ್ತಿನಿಂದ ಹೊರಗೆ. ಬಾವುಟಕ್ಕೆ ಮುಂಚೆಯೇ ತಾನಾಗಿ ನಿಲ್ಲಿಸಿದವರಿಗೆ ನಿಲ್ಲಿಸಿದಾಗಿನ ಸ್ಥಾನ ಖಾಯಂ. ಬುರುಡೆಗಳು ಜೊಂಡಿನಿಂದ ಕನಿಷ್ಠ 50 ಮೀಟರ್ ದೂರ, ಮತ್ತು ಹಿಂದಿನ ದಿನ ಅದೇ ಹೊತ್ತಿನಲ್ಲಿ ಹೋಗಿ ಹಕ್ಕಿ ಎಲ್ಲಿ ಮೇಯುತ್ತದೆ ಎಂದು ನೋಡಿಯೇ ಪಥ ಹಾಕುವುದು. ಬೆಳಿಗ್ಗೆ ಹಕ್ಕಿ ಅಲ್ಲಿದ್ದರೆ ಪಥವನ್ನು ಸರಿಸಿ. ಬುರುಡೆಗೆ ಗೂಡಿಲ್ಲ.

ಪ್ರಾಯೋಗಿಕ ತಕರಾರು ಒಂದಿದೆ, ಅದನ್ನು ಹಗುರಾಗಿ ತಳ್ಳಿಹಾಕಲಾರೆ. ಇಂಥ ದೋಣಿಯ ಬ್ಯಾಟರಿ ಐದಾರು ನಿಮಿಷ ಓಡುತ್ತದೆ, ಮತ್ತೆ ತುಂಬಿಸಲು ಸುಮಾರು ಒಂದು ಗಂಟೆ. ಮರುಸ್ಪರ್ಧೆ ಎಂದರೆ ಇನ್ನೊಂದು ಬ್ಯಾಟರಿ. ಸಾಫ್ಟ್‌ವೇರಿನವರ ಬಳಿ ನಾಲ್ಕು ಇರುತ್ತವೆ, ಸರ್ಕಾರಿ ಶಾಲೆಯ ತಂಡದ ಬಳಿ ಒಂದೇ. ಆದ್ದರಿಂದಲೇ ನನಗೆ ಮರುಸ್ಪರ್ಧೆಗಿಂತ ನಿಂತಾಗಿನ ಸ್ಥಾನವನ್ನೇ ಲೆಕ್ಕಕ್ಕೆ ಹಿಡಿಯುವುದು ಸರಿ ಅನ್ನಿಸುತ್ತದೆ. ಒಂದು ಬ್ಯಾಟರಿಯವರು ಹಕ್ಕಿಗಾಗಿ ನಿಂತದ್ದಕ್ಕೆ ಎರಡು ಸಲ ದಂಡ ತೆರುವುದು ಬೇಡ.

ಈ ಜೂನಿನಲ್ಲಿ ಹನ್ನೊಂದನೆಯ ನಿಯಮವನ್ನು ಕನ್ನಡದಲ್ಲೇ ಹೊಸದಾಗಿ ಬರೆದು, ಪಕ್ಕದಲ್ಲಿ ನನ್ನ ಕೆಟ್ಟ ಮರಾಠಿಯಲ್ಲಿ ಅರ್ಥ ಕೊಟ್ಟು, ಮುಖ್ಯ ತೀರ್ಪುಗಾರರಿಗೆ ಕಳಿಸಿದೆ. ಎರಡು ವಾರ ಸುದ್ದಿಯಿಲ್ಲ. ಆಮೇಲೆ ಅವರೇ ಫೋನ್ ಮಾಡಿದರು. ಗೂಡಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲವಂತೆ. ನಾನೇ ಹೇಳಿರಲಿಲ್ಲ. ಬಾವುಟಕ್ಕೆ ಒಪ್ಪಿದರು, ನಿಂತಾಗಿನ ಸ್ಥಾನಕ್ಕೆ ಒಪ್ಪಿದರು, ತಟ್ಟೆ-ಸೌಟು ಅಡುಗೆಮನೆಗೆ ವಾಪಸು. ತಿಂಗಳು ಬದಲಿಸಲು ಮಾತ್ರ ಇನ್ನೂ ಒಪ್ಪಿಲ್ಲ, ನೀರಿರುವುದೇ ಆಗ ಎನ್ನುತ್ತಾರೆ. ಅದರ ಬಗ್ಗೆ ಜಗಳ ನಡೆದಿದೆ. ಬಾವುಟ ಹಿಡಿಯುವವರು ಯಾರು ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು, ನನಗೆ ಅರ್ಥವಾಯಿತು.

ಈಗ ಅವರು ನನ್ನ ಕನ್ನಡವನ್ನು ಇಂಗ್ಲಿಷಿಗೆ ತಂದುಕೊಡಿ ಎನ್ನುತ್ತಿದ್ದಾರೆ. ಮೊದಲ ವಾಕ್ಯ ‘ಹಕ್ಕಿ ಇರುವ ಕಡೆ ಪಥ ಇರುವುದಿಲ್ಲ’ ಎಂದಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಇಂಗ್ಲಿಷಿನಲ್ಲಿ ಪಥವೇ ಮೊದಲು ಬಂದು ಕೂತುಕೊಳ್ಳುತ್ತಿದೆ. ಮಕ್ಕಳ ವಿಭಾಗಕ್ಕೆ ಈ ಸಲ ಹೆಸರು ಕೊಟ್ಟ ಶಾಲೆಗಳ ಪಟ್ಟಿ ನಿನ್ನೆ ಬಂತು. ಬೆಳಗಾವಿಯವರು ಇದ್ದಾರೆ, ಸೊಲ್ಲಾಪುರದವರು ಇದ್ದಾರೆ. ಧಾರವಾಡದ ಆ ಶಾಲೆ ಇನ್ನೂ ಬಂದಿಲ್ಲ. ಮೇಷ್ಟ್ರ ನಂಬರು ನನ್ನ ಬಳಿ ಇದೆ, ಹೊಸ ನಿಯಮವನ್ನು ಇವತ್ತು ಸಂಜೆ ಅವರಿಗೆ ಕಳಿಸುತ್ತೇನೆ.